‘ಬಿಸ್ಮಿಲ್ಲಾ’ ವಾಕ್ಯದ ಅರ್ಥವೂ ಅದರ ಒಂದು ಸಂಸ್ಕೃತಾನುವಾದವೂ

ಗ್ರಂಥಾರಂಭದಲ್ಲಿ ಮಂಗಳವನ್ನಾಚರಿಸುವ ಪದ್ಧತಿಯು ನಮ್ಮ ಶಾಸ್ತ್ರಕಾರರಲ್ಲಿರುವಂತೆಯೇ ಮುಸಲ್ಮಾನರಲ್ಲಿಯೂ ಉಂಟು. ಅವರ ಮಂಗಳವಾಕ್ಯವು ‘ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್’ ಎಂಬುದು. ‘ಪರಮದಯಾಳುವೂ ಕರುಣಾಶೀಲನೂ ಆದ ಅಲ್ಲಾಹನ ಹೆಸರಿನಲ್ಲಿ’ ಎಂದು ಇದರ ಅರ್ಥ. ಕುರಾನಿನ 114 ಅಧ್ಯಾಯಗಳಲ್ಲಿ ಒಂಬತ್ತನೆಯದೊಂದನ್ನು ಬಿಟ್ಟು ಉಳಿದೆಲ್ಲವುಗಳ ಮೊದಲಲ್ಲಿಯೂ ಇದು ಬಂದಿದೆ. 27ನೆಯ ಅಧ್ಯಾಯದೊಳಗೆ, ಸುಲೈಮಾನನು ಸಬಾದ ರಾಣಿಗೆ ಕಳುಹಿದ ಓಲೆಯಲ್ಲಿ ಮತ್ತೊಮ್ಮೆ ಬರುವುದರಿಂದ ಒಟ್ಟು ಎಣಿಕೆಯು ಪುನಃ 114 ಆಗುತ್ತದೆ.

ಈ ವಾಕ್ಯದಲ್ಲಿ ಕ್ರಿಯಾಪದವಿಲ್ಲವೆಂಬುದು ವಿಚಾರಾರ್ಹವಾದ ಸಂಗತಿ. ಅರಬ್ಬೀ ವೈಯಾಕರಣರು ಇಲ್ಲಿ ಅಧ್ಯಾಹಾರವನ್ನು ಹೇಳಿದರು. ಬಸ್ರಾ ಪಂಥದವರು ‘ನನ್ನ ಆರಂಭವು’ ಎಂಬ ನಾಮಪದವನ್ನೂ, ಕೂಫಾ ಪಂಥದವರು ‘ಆರಂಭಿಸುತ್ತೇನೆ’ ಎಂಬ ಕ್ರಿಯಾಪದವನ್ನೂ ತಂದುಕೊಂಡರು. 1144ರಲ್ಲಿ ಮೃತನಾದ ವ್ಯಾಖ್ಯಾನಕಾರ ಜಮಖ್ಶರಿಯು, ಕೈಗೊಂಡ ಕಾರ್ಯವೇ ಕ್ರಿಯಾಪದವನ್ನೊದಗಿಸುವುದೆಂದೂ, ಅದನ್ನು ದೇವನಾಮದ ಅನಂತರವೇ ಇಡತಕ್ಕದ್ದೆಂದೂ ನಿರ್ಣಯಿಸಿದನು. ಓದುವವನಿಗೆ ‘ಓದುತ್ತೇನೆ’, ಪ್ರಯಾಣಿಕನಿಗೆ ‘ಹೊರಡುತ್ತೇನೆ’. ಊಟಕ್ಕೂ ಪತ್ರಕ್ಕೂ ಒಂದೇ ವಾಕ್ಯವು ಸಲ್ಲುವುದಕ್ಕೆ ಈ ಅನುಕ್ತಿಯೇ ಕಾರಣ.

ನಾಣ್ಯಗಳಲ್ಲಾದರೋ ಆ ಕ್ರಿಯಾಪದವು ಕಂಠೋಕ್ತವಾಗಿದೆ. ಖಲೀಫ ಅಬ್ದುಲ್ ಮಲಿಕನು ಹಿಜರಿ 77ರಲ್ಲಿ (ಕ್ರಿ.ಶ. 696-97) ಹೊರಡಿಸಿದ ಚಿನ್ನದ ದೀನಾರಿನ ಅಂಚಿನಲ್ಲಿ, ಅಲ್ಲಾಹನ ಹೆಸರಿನಲ್ಲಿ ಈ ದೀನಾರು ಅಚ್ಚೊತ್ತಲ್ಪಟ್ಟಿತೆಂದು ಬರೆದಿದೆ. ಇದೇ ಕ್ರಮವು ಘಜನಿಯ ಮಹಮೂದನು ಹಿಜರಿ 418ರಲ್ಲಿ (ಕ್ರಿ.ಶ. 1027) ಮಹಮೂದಪುರದಲ್ಲಿ ಅಚ್ಚುಹಾಕಿಸಿದ ಬೆಳ್ಳಿಯ ನಾಣ್ಯದಲ್ಲಿಯೂ ಕಾಣುತ್ತದೆ. ಆ ಊರನ್ನು ಲಾಹೋರೆಂದು ವಿದ್ವಾಂಸರು ಗುರುತಿಸಿದ್ದಾರೆ. ನಾಣ್ಯದ ಒಂದು ಮುಖದಲ್ಲಿ ಅರಬ್ಬೀ ಬರಹ, ಇನ್ನೊಂದರಲ್ಲಿ ಸಂಸ್ಕೃತ. ‘ಬಿಸ್ಮಿಲ್ಲಾ’ ಎಂಬುದಕ್ಕೆ ಅಲ್ಲಿ ‘ಅವ್ಯಕ್ತೀಯನಾಮೇ’ ಎಂಬ ಅನುವಾದವಿದೆ.

‘ನಾಮ್ನಿ’ ಎಂದಿರಬೇಕಾದೆಡೆ ‘ನಾಮೇ’ ಎಂದಿರುವುದು ಪಾಣಿನೀಯರಿಗೆ ಸಹ್ಯವಲ್ಲ. ಆದರೆ ಇಲ್ಲಿ ರೂಪಕ್ಕಿಂತ ಅರ್ಥವು ಮುಖ್ಯ. ಸಾಂಖ್ಯರಲ್ಲಿ ‘ಅವ್ಯಕ್ತ’ವೆಂದರೆ ಜಡವಾದ ಪ್ರಕೃತಿ, ಗೀತೆಯ 12ನೆಯ ಅಧ್ಯಾಯದಲ್ಲಿ ಅದು ಉಪಾಸ್ಯವಾದ ಅಕ್ಷರತತ್ತ್ವ. ಅನುವಾದಕನಿಗೆ ಎರಡನೆಯ ಅರ್ಥವೇ ವಿವಕ್ಷಿತವಾಗಿರಬೇಕು. ಅಲ್ಲಾಹನಿಗೆ ಪ್ರತಿಮೆಯಿಲ್ಲವೆಂಬ ಅಂಶವು ಇದರಿಂದ ಸ್ಫುಟವಾಗುತ್ತದೆ. ಆದರೆ ‘ಅಲ್ಲಾಹ’ ಎಂಬುದು ಭಕ್ತನು ಕರೆಯುವ ಹೆಸರು, ‘ಅವ್ಯಕ್ತ’ವು ಲಕ್ಷಣವಾಚಕ. ನಾಣ್ಯದಲ್ಲಿ ವಾಕ್ಯದ ಸಂಕ್ಷೇಪರೂಪವೇ ಇದ್ದುದರಿಂದ ದಯಾವಾಚಕಗಳಾದ ಎರಡು ನಾಮಗಳೂ ಸಂಸ್ಕೃತಕ್ಕೆ ಇಳಿಯಲಿಲ್ಲ. ಹೀಗಾಗಿ ಅದನ್ನೋದಿದವನಿಗೆ ನಿರಾಕಾರನು ತಿಳಿದನು, ದಯಾಳುವು ತಿಳಿಯಲಿಲ್ಲ.

ಇಷ್ಟಾದರೂ, ಸೋಮನಾಥದ ಸೂರೆಯಾದ (1025-26) ಎರಡು ವರ್ಷಗಳೊಳಗಾಗಿ ಅದೇ ದೊರೆಯ ಟಂಕಶಾಲೆಯಲ್ಲಿ ಪರಮತದ ಮಂಗಳವಾಕ್ಯಕ್ಕೆ ತನ್ನ ಶಾಸ್ತ್ರದೊಳಗಿನ ಶಬ್ದವನ್ನೇ ಅರಸಿ ಕೊಟ್ಟ ಸಂಸ್ಕೃತಜ್ಞನೊಬ್ಬನಿದ್ದನೆಂಬುದು ಆ ಕಾಲದ ಇತಿಹಾಸವನ್ನು ಬರೆಯುವವರು ಮರೆಯತಕ್ಕದ್ದಲ್ಲ.