ಸಣ್ಣ ಹಾಯಿದೋಣಿಯಲ್ಲಿ ಸಮೀಪದ ದ್ವೀಪಗಳಿಗೆ ಪ್ರಥಮ ಸಮುದ್ರಯಾನ: ನಾಗರಿಕರಿಗೆ ಮಾಹಿತಿ

ಜಿಲ್ಲೆ: ಉತ್ತರ ಕನ್ನಡ
ವಿಷಯ: ಯಾನದ ಯೋಜನೆ, ಪೂರ್ವಾನುಮತಿ ಮತ್ತು ಸುರಕ್ಷತೆ

1. ಪೀಠಿಕೆ

ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳು ಘಟ್ಟದ ಮೇಲಿದ್ದರೂ ಇಲ್ಲಿಯ ನೀರಿನ ಬಹುಭಾಗ ಹರಿದು ಸೇರುವುದು ಅರಬ್ಬೀ ಸಮುದ್ರವನ್ನೇ. ಶಿರಸಿಯಲ್ಲಿ ಹುಟ್ಟುವ ಅಘನಾಶಿನಿಯು ತದಡಿಯಲ್ಲಿ, ಸಿದ್ದಾಪುರದ ಗಡಿಯಲ್ಲಿ ಹರಿಯುವ ಶರಾವತಿಯು ಹೊನ್ನಾವರದಲ್ಲಿ, ಯಲ್ಲಾಪುರ ತಾಲ್ಲೂಕನ್ನು ಹಾದುಬರುವ ಬೇಡ್ತಿಯು ಗಂಗಾವಳಿ ಎಂಬ ಹೆಸರಿನಲ್ಲಿ ಅಂಕೋಲಾದ ದಕ್ಷಿಣಕ್ಕೆ, ಕಾಳಿಯು ಕಾರವಾರದಲ್ಲಿ ಕಡಲನ್ನು ಕೂಡುತ್ತವೆ. ಹೊಳೆ ಮತ್ತು ಹಿನ್ನೀರಿನಲ್ಲಿ ದೋಣಿ ನಡೆಸಿ ಅಭ್ಯಾಸವಿರುವ ನಾಗರಿಕರು ತಮ್ಮ ಸ್ವಂತ ಹಾಯಿದೋಣಿಯಲ್ಲಿ ಕರಾವಳಿಯ ಸಮೀಪದ ದ್ವೀಪಗಳಿಗೆ ಹೋಗಬಯಸಿದಲ್ಲಿ ಅನುಸರಿಸಬೇಕಾದ ಕ್ರಮಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಹಿಂತಿರುಗುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡರು. ಅಂದು ಮಳೆಗಾಲವಿರಲಿಲ್ಲ, ಕತ್ತಲೆಯೂ ಆಗಿರಲಿಲ್ಲ. ದಡ ಕಣ್ಣಿಗೆ ಕಾಣುವಷ್ಟು ಸಮೀಪದಲ್ಲಿತ್ತು. ಆದಕಾರಣ ‘ಹತ್ತಿರದ ದ್ವೀಪ’ ಎಂಬ ಮಾತನ್ನು ‘ಅಪಾಯವಿಲ್ಲದ ದ್ವೀಪ’ ಎಂದು ಅರ್ಥೈಸಬಾರದೆಂದು ಕೋರಲಾಗಿದೆ.

2. ಈ ಮಾಹಿತಿಯು ಯಾರಿಗೆ ಅನ್ವಯಿಸುತ್ತದೆ

ಸುಮಾರು 5ರಿಂದ 7 ಮೀಟರ್ ಉದ್ದದ ಖಾಸಗಿ ಹಾಯಿದೋಣಿಯಲ್ಲಿ, ಬಾಡಿಗೆ ಪಡೆಯದೆ, ಹಗಲಿನಲ್ಲಿ ಹೋಗಿ ಅದೇ ಹಗಲಿನಲ್ಲಿ ಹಿಂತಿರುಗುವವರಿಗೆ ಇದು ಅನ್ವಯಿಸುತ್ತದೆ. ಪ್ರಯಾಣಿಕರನ್ನು ಹಣ ಪಡೆದು ಸಾಗಿಸುವ ದೋಣಿಗಳಿಗೆ ಹಾಗೂ ಮೀನುಗಾರಿಕೆ ದೋಣಿಗಳಿಗೆ ಪ್ರತ್ಯೇಕ ನಿಯಮಗಳಿದ್ದು, ಅವುಗಳನ್ನು ಇಲ್ಲಿ ಪ್ರಸ್ತಾಪಿಸಿಲ್ಲ.

3. ಜಿಲ್ಲೆಯ ಪ್ರಮುಖ ದ್ವೀಪಗಳು

ಅ) ಕೂರ್ಮಗಡ: ಕಾರವಾರದ ಕೊಲ್ಲಿಯಲ್ಲಿ, ಕಾಳಿ ನದಿಯ ಅಳಿವೆಯ ಎದುರಿಗಿದೆ. ಆಮೆಯ ಆಕಾರವೇ ಹೆಸರಿಗೆ ಕಾರಣ. ತೀರದಿಂದ ಕೆಲವೇ ಕಿ.ಮೀ. ದೂರದಲ್ಲಿರುವುದರಿಂದ ಪ್ರಥಮ ಯಾನಕ್ಕೆ ಇದೇ ಹೆಚ್ಚು ಸೂಕ್ತ.

ಆ) ದೇವಗಡ: ಕೊಲ್ಲಿಯ ಹೊರಬದಿಯಲ್ಲಿದ್ದು, ಆಯ್ಸ್ಟರ್ ರಾಕ್ ದೀಪಸ್ತಂಭವು ಇದರ ಮೇಲಿದೆ. ಇಲ್ಲಿಂದಾಚೆಗೆ ತೆರೆದ ಸಮುದ್ರವಿದ್ದು, ಕೂರ್ಮಗಡಕ್ಕೆ ಹಲವು ಬಾರಿ ಹೋಗಿ ಬಂದವರು ಮಾತ್ರ ಇದನ್ನು ಆಯ್ಕೆ ಮಾಡಿಕೊಳ್ಳುವುದು ಒಳಿತು.

ಇ) ಬಸವರಾಜದುರ್ಗ: ಹೊನ್ನಾವರದ ಸಮೀಪದಲ್ಲಿರುವ ಕೋಟೆ ದ್ವೀಪ. ಇಲ್ಲಿಗೆ ಹೊನ್ನಾವರದಿಂದ ಹೊರಡುವವರು ಶರಾವತಿಯ ಅಳಿವೆಯನ್ನು ದಾಟಬೇಕಾಗುತ್ತದೆ. ದ್ವೀಪಕ್ಕಿಂತ ಅಳಿವೆಯೇ ಕಠಿಣ.

ಈ) ನೇತ್ರಾಣಿ: ಮುರ್ಡೇಶ್ವರದಿಂದ ಸುಮಾರು 10 ನಾಟಿಕಲ್ ಮೈಲಿ, ಅಂದರೆ ಸುಮಾರು 19 ಕಿ.ಮೀ. ದೂರದಲ್ಲಿದೆ. ಹವಳ ಹಾಗೂ ಮೀನುಗಳ ಸಮೃದ್ಧಿಗೆ ಹೆಸರಾಗಿದೆ. ದಡ ಕಡಿದಾದ ಬಂಡೆಗಳಿಂದ ಕೂಡಿದ್ದು ದೋಣಿ ಎಳೆದು ನಿಲ್ಲಿಸಲು ಅನುಕೂಲವಿಲ್ಲ. ಹಿಂದೆ ನೌಕಾಪಡೆಯ ಗುಂಡು ಹಾರಿಸುವ ಅಭ್ಯಾಸಕ್ಕೆ ಈ ದ್ವೀಪ ಬಳಕೆಯಾಗಿದ್ದುದರಿಂದ, ಹೊರಡುವ ಮುನ್ನ ನಾವಿಕರಿಗೆ ನೀಡಲಾಗುವ ಎಚ್ಚರಿಕೆ ಸೂಚನೆಗಳನ್ನು ತಪ್ಪದೆ ವಿಚಾರಿಸತಕ್ಕದ್ದು.

ಉ) ಅಂಜದೀವ: ಕಾರವಾರದ ದಕ್ಷಿಣಕ್ಕಿರುವ ಈ ದ್ವೀಪವು ಗೋವಾ ರಾಜ್ಯಕ್ಕೆ ಸೇರಿದ್ದು, ನೌಕಾಪಡೆಯ ವಶದಲ್ಲಿದೆ. 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆಯ ಸುತ್ತಲಿನ ಜಲಪ್ರದೇಶದಲ್ಲಿ ನಾಗರಿಕರ ಪ್ರವೇಶ ನಿಷಿದ್ಧ. ಗಾಳಿ ನಿಂತು ದೋಣಿ ತೇಲಿಕೊಂಡು ಹೋದರೂ ಪ್ರವೇಶವು ಪ್ರವೇಶವೇ. ಆದ್ದರಿಂದ ಕಾರವಾರದಿಂದ ಹೊರಡುವವರು ದಕ್ಷಿಣದ ಕಡೆಗೆ ಸಾಕಷ್ಟು ಅಂತರವನ್ನು ಕಾಯ್ದುಕೊಳ್ಳಬೇಕು.

4. ಯೋಗ್ಯ ಕಾಲ

ನೈಋತ್ಯ ಮಾನ್ಸೂನ್ ಅವಧಿಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಸಣ್ಣ ದೋಣಿಯಲ್ಲಿ ಸಮುದ್ರಕ್ಕೆ ಇಳಿಯಲೇಬಾರದು. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಆ ದಿನಗಳಲ್ಲಿ ನೆರವಿಗೆ ಬರಬಹುದಾದ ದೋಣಿಗಳೂ ಕಡಲಿನಲ್ಲಿ ವಿರಳ. ಅಕ್ಟೋಬರ್, ನವೆಂಬರ್ ಹಾಗೂ ಮೇ ತಿಂಗಳುಗಳು ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳ ಕಾಲ. 2021ರ ಮೇ ತಿಂಗಳಿನಲ್ಲಿ ಬಂದ ತೌಕ್ತೆ ಚಂಡಮಾರುತವು ಈ ಜಿಲ್ಲೆಯ ತೀರವನ್ನೂ ಬಾಧಿಸಿತು. ಪ್ರಥಮ ಯಾನಕ್ಕೆ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿಯು ಅತ್ಯಂತ ಯೋಗ್ಯ.

5. ಗಾಳಿ, ಉಬ್ಬರವಿಳಿತ ಮತ್ತು ಅಳಿವೆ

5.1 ಗಾಳಿ: ಈ ತಿಂಗಳುಗಳಲ್ಲಿ ರಾತ್ರಿಯಿಂದ ಬೆಳಗಿನವರೆಗೆ ಘಟ್ಟದ ಕಡೆಯಿಂದ ನೆಲಗಾಳಿ ಬೀಸುತ್ತದೆ. ಬೆಳಿಗ್ಗೆ ಕೆಲಕಾಲ ಗಾಳಿ ನಿಂತು, ಮಧ್ಯಾಹ್ನದ ಹೊತ್ತಿಗೆ ಪಶ್ಚಿಮ ಅಥವಾ ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ಬೆಳಗಿನ ನೆಲಗಾಳಿಯಲ್ಲಿ ಹೊರಟು ಮಧ್ಯಾಹ್ನದ ಕಡಲಗಾಳಿಯಲ್ಲಿ ಹಿಂತಿರುಗುವುದು ಹಾಯಿದೋಣಿಗಳ ಹಳೆಯ ಪದ್ಧತಿ. ಸಂಜೆ ತಡವಾದರೆ ಕಡಲಗಾಳಿ ಬೀಳುತ್ತದೆ. ರಾತ್ರಿಯ ನೆಲಗಾಳಿಯು ದೋಣಿಯನ್ನು ದಡದಿಂದ ದೂರಕ್ಕೆ ತಳ್ಳುತ್ತದೆ. ಪ್ರಥಮ ಯಾನದ ಅತಿ ದೊಡ್ಡ ಅಪಾಯ ಇದೇ ಆಗಿದೆ.

5.2 ಉಬ್ಬರವಿಳಿತ: ದಿನಕ್ಕೆ ಎರಡು ಉಬ್ಬರ, ಎರಡು ಇಳಿತಗಳಾಗುತ್ತವೆ. ಸಮಯವು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಸುಮಾರಿಗೆ ಏರಿಳಿತವೂ ಪ್ರವಾಹವೂ ಹೆಚ್ಚು. ಅಷ್ಟಮಿಯಿಂದ ದಶಮಿಯವರೆಗೆ ಕಡಿಮೆ. ಪಂಚಾಂಗ ನೋಡುವ ರೂಢಿಯುಳ್ಳವರು ಈ ತಿಥಿಗಳನ್ನು ಆಯ್ದುಕೊಳ್ಳಬಹುದು. ಆದರೆ ಕರಾರುವಾಕ್ಕಾದ ವೇಳೆಗೆ ಡೆಹ್ರಾಡೂನ್‌ನ ಭಾರತೀಯ ಸರ್ವೇಕ್ಷಣಾ ಇಲಾಖೆಯು ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕವನ್ನೇ ಅವಲಂಬಿಸತಕ್ಕದ್ದು.

5.3 ಅಳಿವೆ: ನದಿಯ ನೀರು ಹೊರಗೆ ಹರಿಯುವಾಗ ಕಡಲಗಾಳಿ ಎದುರಿನಿಂದ ಬೀಸಿದರೆ ಅಳಿವೆಯ ಮರಳ ದಿಬ್ಬದ ಮೇಲೆ ಅಲೆಗಳು ಕಡಿದಾಗಿ ಎದ್ದು ಒಡೆಯುತ್ತವೆ. ಬೆಳಿಗ್ಗೆ ಶಾಂತವಾಗಿದ್ದ ಅಳಿವೆಯು ಮಧ್ಯಾಹ್ನ ಇಳಿತದ ವೇಳೆ ದಾಟಲಾಗದಂತಾಗುವುದು ಇದರಿಂದಲೇ. ಹಿಂತಿರುಗುವಾಗ ಉಬ್ಬರದ ಕೊನೆಯ ಒಂದು ಗಂಟೆಯಲ್ಲಿ ಅಳಿವೆಯನ್ನು ಪ್ರವೇಶಿಸುವಂತೆ ದಿನವನ್ನು ಆರಿಸಿಕೊಳ್ಳಬೇಕು. ಕಾಳಿಗೆ ಕದ್ರಾ, ಶರಾವತಿಗೆ ಗೇರುಸೊಪ್ಪ ಅಣೆಕಟ್ಟೆಗಳಿಂದ ನೀರು ಬಿಡುವ ಸೂಚನೆಯಿದ್ದಲ್ಲಿ ಯಾನವನ್ನು ಮುಂದೂಡತಕ್ಕದ್ದು. ಕಾಳಿಯ ಹಳೆಯ ಸೇತುವೆಯು 2024ರ ಆಗಸ್ಟ್ 7ರಂದು ಕುಸಿದ ಕಾರಣ, ನದಿಯೊಳಗಿಂದ ಹೊರಡುವವರು ಸೇತುವೆಯ ಬಳಿಯ ಜಲಮಾರ್ಗದ ಸ್ಥಿತಿಯನ್ನು ಬಂದರು ಕಚೇರಿಯಲ್ಲಿ ಮುಂಚಿತವಾಗಿ ತಿಳಿದುಕೊಳ್ಳಬೇಕು.

6. ಯಾನದ ಲೆಕ್ಕ: ಒಂದು ಮಾದರಿ

ಕೂರ್ಮಗಡ, ದೇವಗಡಗಳ ಅನುಭವವಾದ ನಂತರ ಜನವರಿ ತಿಂಗಳಿನಲ್ಲಿ ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಬರುವುದೆಂದು ಭಾವಿಸಿ ಈ ಲೆಕ್ಕವನ್ನು ಕೊಡಲಾಗಿದೆ.

• ದೂರ 10 ನಾಟಿಕಲ್ ಮೈಲಿ. ದೋಣಿಯ ವೇಗ ಗಂಟೆಗೆ 3 ನಾಟಿಕಲ್ ಮೈಲಿ. ಬೇಕಾಗುವ ಸಮಯ 3 ಗಂಟೆ 20 ನಿಮಿಷ.
• ಬೆಳಿಗ್ಗೆ 6.30ಕ್ಕೆ ಹೊರಟಲ್ಲಿ 9.50ಕ್ಕೆ ತಲುಪುವ ನಿರೀಕ್ಷೆ.
• 9.00 ಗಂಟೆಗೆ ಅರ್ಧ ದೂರವನ್ನು ದಾಟಿರದಿದ್ದಲ್ಲಿ ಅಲ್ಲಿಂದಲೇ ಹಿಂತಿರುಗತಕ್ಕದ್ದು.
• ದ್ವೀಪದಿಂದ ಹೊರಡುವ ಕೊನೆಯ ವೇಳೆ ಮಧ್ಯಾಹ್ನ 12.30. ದಡ ಸೇರುವ ನಿರೀಕ್ಷೆ 3.50. ಸೂರ್ಯಾಸ್ತಕ್ಕೆ ಇನ್ನೂ ಎರಡು ಗಂಟೆಗೂ ಮಿಗಿಲಾದ ಹಗಲು ಉಳಿದಿರುತ್ತದೆ. ಇದು ವಿಳಂಬಕ್ಕಾಗಿ ಕಾಯ್ದಿರಿಸಿದ ಸಮಯವೇ ಹೊರತು ವಿಹಾರಕ್ಕಾಗಿ ಅಲ್ಲ.

ದ್ವೀಪವು ಮುರ್ಡೇಶ್ವರದಿಂದ ನೈಋತ್ಯ ಹಾಗೂ ಪಶ್ಚಿಮಗಳ ನಡುವೆ, ಸ್ಥೂಲವಾಗಿ 240ರಿಂದ 245 ಡಿಗ್ರಿ ದಿಕ್ಕಿನಲ್ಲಿದೆ. ನಿಖರವಾದ ದಿಕ್ಕನ್ನು ಜಲನಕ್ಷೆಯಲ್ಲಿ ಸ್ವತಃ ಅಳೆದು ಬರೆದುಕೊಳ್ಳಬೇಕು. ಅದಕ್ಕೆ 180 ಡಿಗ್ರಿಯ ವ್ಯತ್ಯಾಸವೇ ಮರಳುವ ದಿಕ್ಕು. ಗಂಟೆಗೆ ಅರ್ಧ ಮೈಲಿಯಷ್ಟು ಅಡ್ಡಪ್ರವಾಹವಿದ್ದರೂ 3 ಗಂಟೆ 20 ನಿಮಿಷದಲ್ಲಿ ದೋಣಿಯು ಸುಮಾರು 1.7 ಮೈಲಿ ಪಕ್ಕಕ್ಕೆ ಸರಿಯುತ್ತದೆ. ಆದ್ದರಿಂದ ಅರ್ಧ ಗಂಟೆಗೊಮ್ಮೆ ದೋಣಿಯ ಸ್ಥಾನವನ್ನು ಕಾಗದದ ಮೇಲೆ ಗುರುತಿಸತಕ್ಕದ್ದು. ಮರಳುವಾಗ ಮುರ್ಡೇಶ್ವರದ ರಾಜಗೋಪುರವು ಉತ್ತಮ ಗುರುತು. ಆದರೆ ಚಳಿಗಾಲದ ಮಬ್ಬಿನಲ್ಲಿ ಐದಾರು ಮೈಲಿಗಳಿಂದಲೇ ಅದು ಕಾಣದೆ ಹೋಗಬಹುದು. ದಿಕ್ಸೂಚಿಯನ್ನು ನಂಬಿ ನಡೆಯಲು ಕಲಿತಿರಬೇಕು.

7. ಸಂಪರ್ಕಿಸಬೇಕಾದ ಕಚೇರಿಗಳು

ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಬಂದರು ಕಚೇರಿಗಳು ಇರುವುದಿಲ್ಲ. ಜಿಲ್ಲೆಯ ಕಾರವಾರ, ಬೇಲೆಕೇರಿ, ತದಡಿ, ಹೊನ್ನಾವರ ಮತ್ತು ಭಟ್ಕಳ ಬಂದರುಗಳ ಪೈಕಿ ತಾವು ಹೊರಡುವ ಸ್ಥಳಕ್ಕೆ ಸಂಬಂಧಿಸಿದ ಕಚೇರಿಯನ್ನು ಸಾಕಷ್ಟು ದಿನ ಮುಂಚಿತವಾಗಿ ಸಂಪರ್ಕಿಸುವುದು.

ಅ) ಬಂದರು ಕಚೇರಿ: ದೋಣಿಯ ನೋಂದಣಿ, ಸುರಕ್ಷತೆ ಹಾಗೂ ಬಂದರಿನಿಂದ ಹೊರಡುವ ಬಗ್ಗೆ ಲಿಖಿತವಾಗಿ ವಿಚಾರಿಸುವುದು. ಅರ್ಜಿಯಲ್ಲಿ ದೋಣಿಯ ಅಳತೆ, ಬಣ್ಣ, ಯಂತ್ರವಿದ್ದಲ್ಲಿ ಅದರ ವಿವರ ಹಾಗೂ ಮಾಲೀಕತ್ವದ ದಾಖಲೆ ಇರಲಿ.
ಆ) ಕರಾವಳಿ ಕಾವಲು ಪೊಲೀಸ್ ಠಾಣೆ: ಯಾನದ ದಿನ, ವೇಳೆ ಮತ್ತು ಜನರ ವಿವರವನ್ನು ತಿಳಿಸುವುದು. ದೋಣಿಯಲ್ಲಿರುವ ಪ್ರತಿಯೊಬ್ಬರೂ ಭಾವಚಿತ್ರವುಳ್ಳ ಮೂಲ ಗುರುತಿನ ಚೀಟಿಯನ್ನು ಹೊಂದಿರತಕ್ಕದ್ದು.
ಇ) ಅರಣ್ಯ ಇಲಾಖೆ ಹಾಗೂ ದೀಪಸ್ತಂಭ ಇಲಾಖೆ: ದ್ವೀಪದಲ್ಲಿ ಇಳಿಯುವ ಉದ್ದೇಶವಿದ್ದಲ್ಲಿ ಅದಕ್ಕೆ ಅವಕಾಶವಿದೆಯೇ ಎಂಬುದನ್ನು ಮೊದಲೇ ತಿಳಿಯುವುದು.

ಉಪಗ್ರಹ ದೂರವಾಣಿಯನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳುವುದು ಶಿಕ್ಷಾರ್ಹ. ವಿ.ಎಚ್.ಎಫ್. ರೇಡಿಯೊ ಉಪಕರಣಕ್ಕೂ ಪರವಾನಗಿ ಅಗತ್ಯ. ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲನೆಯ ಅನುಸೂಚಿಯಲ್ಲಿದ್ದು, ಅವುಗಳನ್ನು ಕೀಳುವುದು ಅಪರಾಧ. ಹವಳದ ಮೇಲೆ ಲಂಗರು ಹಾಕಬಾರದು.

8. ದೋಣಿಯಲ್ಲಿ ಇರಲೇಬೇಕಾದ ವಸ್ತುಗಳು

• ಪ್ರತಿಯೊಬ್ಬರಿಗೂ ಅಳತೆಗೆ ಹೊಂದುವ ಜೀವರಕ್ಷಕ ಜಾಕೆಟ್. ಇದನ್ನು ದಡದಲ್ಲಿಯೇ ಧರಿಸತಕ್ಕದ್ದು. ದೋಣಿ ಮಗುಚುವಾಗ ಧರಿಸಲು ವ್ಯವಧಾನವಿರುವುದಿಲ್ಲ.
• ದಿಕ್ಸೂಚಿ, ಜಲನಕ್ಷೆ, ಜಿ.ಪಿ.ಎಸ್. ಮತ್ತು ಹೆಚ್ಚುವರಿ ಬ್ಯಾಟರಿಗಳು.
• ಸಾಕಷ್ಟು ಹಗ್ಗವುಳ್ಳ ಲಂಗರು, ಎರಡು ಹುಟ್ಟುಗಳು, ನೀರು ಹೊರಚೆಲ್ಲಲು ಬಕೆಟ್.
• ಯಂತ್ರವಿದ್ದಲ್ಲಿ, ಪೂರ್ಣ ಮರುಪ್ರಯಾಣಕ್ಕೆ ಬೇಕಾಗುವ ಇಂಧನ ಹಾಗೂ ಅದರ ಮೇಲೆ ಅರ್ಧದಷ್ಟು ಹೆಚ್ಚುವರಿ.
• ತಲಾ 4 ಲೀಟರ್ ಕುಡಿಯುವ ನೀರು, ಆಹಾರ, ಟೋಪಿ, ಪ್ರಥಮ ಚಿಕಿತ್ಸಾ ಪೆಟ್ಟಿಗೆ.
• ಟಾರ್ಚ್, ಸೀಟಿ, ಕನ್ನಡಿ, ಸಂಕಟಸೂಚಕ ಬಾಣಗಳು.
• ಸಾಧ್ಯವಿದ್ದಲ್ಲಿ 406 ಮೆಗಾಹರ್ಟ್ಸ್ ಸಂಕಟಸೂಚಕ ಬೀಕನ್. ಇದರ ಸಂಕೇತವು ಬೆಂಗಳೂರಿನಲ್ಲಿರುವ ಭಾರತೀಯ ನಿಯಂತ್ರಣ ಕೇಂದ್ರದ ಮೂಲಕ ಕರಾವಳಿ ರಕ್ಷಣಾ ಪಡೆಗೆ ತಲುಪುತ್ತದೆ. ಬೀಕನ್ ನೋಂದಣಿಯಾಗಿರಬೇಕು.

9. ಯಾನ ವಿವರ ಪತ್ರ

ಹೊರಡುವ ಮುನ್ನ ದಡದಲ್ಲಿರುವ ಜವಾಬ್ದಾರಿಯುತ ವ್ಯಕ್ತಿಯೊಬ್ಬರಿಗೆ ಈ ಕೆಳಗಿನ ವಿವರಗಳನ್ನು ಬರೆದುಕೊಡತಕ್ಕದ್ದು: ದೋಣಿಯ ಹೆಸರು ಮತ್ತು ಹಾಯಿಯ ಬಣ್ಣ, ಜನರ ಹೆಸರು ಮತ್ತು ವಯಸ್ಸು, ಹೊರಡುವ ಸ್ಥಳ ಮತ್ತು ವೇಳೆ, ಮಾರ್ಗ, ಮರಳುವ ವೇಳೆ, ಯಾವ ವೇಳೆ ಮೀರಿದರೆ ರಕ್ಷಣೆಗೆ ಕರೆ ಮಾಡಬೇಕು ಎಂಬ ಸೂಚನೆ. ಈ ವ್ಯಕ್ತಿಯು ಕರಾವಳಿಯಲ್ಲಿಯೇ ಇರುವುದು ಲೇಸು. ಮರಳಿದ ಕೂಡಲೇ ಅವರಿಗೂ ಪೊಲೀಸ್ ಠಾಣೆಗೂ ತಿಳಿಸಲು ಮರೆಯಬಾರದು. ಇಲ್ಲವಾದಲ್ಲಿ ದಡ ಸೇರಿದವರಿಗಾಗಿ ಕಡಲಿನಲ್ಲಿ ಹುಡುಕಾಟ ನಡೆಯುತ್ತದೆ.

10. ತುರ್ತು ಸಂದರ್ಭದಲ್ಲಿ

• ಭಾರತೀಯ ಕರಾವಳಿ ರಕ್ಷಣಾ ಪಡೆ: 1554
• ಕರಾವಳಿ ಕಾವಲು ಪೊಲೀಸ್: 1093
• ಸಾಮಾನ್ಯ ತುರ್ತು ಸೇವೆ: 112
• ವಿ.ಎಚ್.ಎಫ್. ರೇಡಿಯೊ: ಚಾನೆಲ್ 16

ದೋಣಿ ಮಗುಚಿದಲ್ಲಿ ಅದನ್ನು ಬಿಟ್ಟು ಈಜಲು ತೊಡಗಬಾರದು. ನೀರಿನಲ್ಲಿರುವ ಒಬ್ಬ ವ್ಯಕ್ತಿಗಿಂತ ತೇಲುತ್ತಿರುವ ದೋಣಿಯು ಹುಡುಕುವವರಿಗೆ ಸುಲಭವಾಗಿ ಕಾಣುತ್ತದೆ. ಸಮೀಪದ ಮೀನುಗಾರಿಕೆ ದೋಣಿಗಳೇ ಬಹುತೇಕ ಮೊದಲು ನೆರವಿಗೆ ಬರುವುದು. ಅವರ ಬಲೆಗಳ ತೇಲುಗುರುತುಗಳಿಂದ ದೂರವಿದ್ದು ಗೌರವದಿಂದ ನಡೆದುಕೊಳ್ಳುವುದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕೆರೆ ಹೊಳೆಗಳಲ್ಲಿ ಚೆನ್ನಾಗಿ ಈಜಬಲ್ಲವರಿಗೂ ಜಾಕೆಟ್ ಬೇಕೆ?
ಉತ್ತರ: ಬೇಕು. ಕಡಲಿನಲ್ಲಿ ದಡ ದೂರ, ಅಲೆ ನಿರಂತರ. ಈಜುವ ಶಕ್ತಿಗಿಂತ ತೇಲಿಕೊಂಡಿರುವುದು ಮುಖ್ಯ.

ಪ್ರಶ್ನೆ: ಹವಾಮಾನ ಮುನ್ಸೂಚನೆ ಎಲ್ಲಿ ದೊರೆಯುತ್ತದೆ?
ಉತ್ತರ: ಭಾರತೀಯ ಹವಾಮಾನ ಇಲಾಖೆಯಿಂದ ಹಾಗೂ ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರದಿಂದ. ಹಿಂದಿನ ಸಂಜೆ ಮತ್ತು ಹೊರಡುವ ಬೆಳಿಗ್ಗೆ ಎರಡೂ ಬಾರಿ ನೋಡತಕ್ಕದ್ದು. ಗಾಳಿಯು ಗಂಟೆಗೆ 28 ಕಿ.ಮೀ. ಅಥವಾ ಅಲೆಯು 1.5 ಮೀಟರ್ ಮೀರುವ ಸೂಚನೆಯಿದ್ದಲ್ಲಿ ಪ್ರಥಮ ಯಾನವನ್ನು ಕೈಗೊಳ್ಳಬಾರದು.

ಪ್ರಶ್ನೆ: ಮೊಬೈಲ್ ದೂರವಾಣಿ ಸಾಲದೆ?
ಉತ್ತರ: ಸಾಲದು. ತೀರದಿಂದ ದೂರವಾದಂತೆ ಸಂಪರ್ಕ ತಪ್ಪುತ್ತದೆ. ಆದರೂ ನೀರು ಸೋಕದ ಚೀಲದಲ್ಲಿ ಇಟ್ಟುಕೊಂಡಿರುವುದು.

ಪ್ರಶ್ನೆ: ಶಿರಸಿಯಿಂದ ರಜೆ ಹಾಕಿ, ದೋಣಿ ಸಾಗಿಸಿ ಬಂದ ಮೇಲೆ ಹವಾಮಾನ ಪ್ರತಿಕೂಲವಾದರೆ?
ಉತ್ತರ: ಯಾನವನ್ನು ರದ್ದುಪಡಿಸುವುದು. ಆದ ಖರ್ಚು ಹೊರಡುವುದಕ್ಕೆ ಕಾರಣವಾಗಬಾರದು. ಯೋಜನೆ ಮಾಡುವಾಗಲೇ ಬದಲಿ ದಿನವೊಂದನ್ನು ಇಟ್ಟುಕೊಂಡಲ್ಲಿ ಈ ಒತ್ತಡ ಇರುವುದಿಲ್ಲ.

ಗಮನಿಸಿ: ಈ ಪುಟವು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇದ್ದು, ಯಾವುದೇ ಅನುಮತಿಯೆಂದು ಪರಿಗಣಿಸತಕ್ಕದ್ದಲ್ಲ. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಹೊರಡುವ ಮುನ್ನ ಸಂಬಂಧಪಟ್ಟ ಬಂದರು ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬೇಕೆಂದು ಕೋರಲಾಗಿದೆ.