ವಿದ್ಯುತ್ ಕಂಪನ ಚಿಕಿತ್ಸೆಯ ನಂತರದ ಮರೆವು

ತೀವ್ರ ಖಿನ್ನತೆಗೂ ಕೆಲ ಬಗೆಯ ಸ್ಕಿಜೋಫ್ರೇನಿಯಾಕ್ಕೂ ಕೊಡುವ ವಿದ್ಯುತ್ ಕಂಪನ ಚಿಕಿತ್ಸೆಯ (ಇಸಿಟಿ, ಜನರ ಬಾಯಲ್ಲಿ ‘ಶಾಕ್ ಟ್ರೀಟ್‌ಮೆಂಟ್’) ಬಳಿಕ ಕಾಣಿಸಿಕೊಳ್ಳುವ, ಬಹುಪಾಲು ತಾತ್ಕಾಲಿಕವಾದ ನೆನಪಿನ ತೊಂದರೆ.

ರೋಮ್‌ನಲ್ಲಿ 1938ರಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಆರಂಭಿಸಿದ ಈ ಚಿಕಿತ್ಸೆ 1940ರ ದಶಕದಲ್ಲಿ ಭಾರತಕ್ಕೆ ಬಂತು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆದ ಮೇಲೆ ಕರ್ನಾಟಕದಲ್ಲಿ ಇದರ ಸಂಶೋಧನೆಗೆ ಅದೇ ಮುಖ್ಯ ನೆಲೆ.

ಅರಿವಳಿಕೆ ಇಳಿದಾಗ ರೋಗಿಯನ್ನು ಹೆಸರು, ಊರು, ವಾರ ಕೇಳುತ್ತಾರೆ. ಉತ್ತರ ತಡವರಿಸಿದರೂ ಸಾಮಾನ್ಯವಾಗಿ ಗಂಟೆಯೊಳಗೆ ಸರಿಹೋಗುತ್ತದೆ. ಹೊಸದನ್ನು ಕಲಿತು ನೆನಪಿಡುವ ಶಕ್ತಿ ಮರಳಲು ಕೆಲವು ವಾರ ಬೇಕು. ಹಿರಿಯೂರಿನಿಂದಲೋ ಹೊಳಲ್ಕೆರೆಯಿಂದಲೋ ನಿಮ್ಹಾನ್ಸ್‌ಗೆ ಬಂದು ಹೋದವರಿಗೆ ಆಸ್ಪತ್ರೆಯ ದಿನಗಳು, ನೋಡಲು ಬಂದ ನೆಂಟರು ಕೊನೆಗೂ ನೆನಪಾಗದೇ ಇರಬಹುದು. ಆ ದಿನಗಳ ನೆನಪು ಸರಿಯಾಗಿ ಅಚ್ಚಾಗಿಯೇ ಇರುವುದಿಲ್ಲ. ಚಿಕಿತ್ಸೆಗೆ ಹಿಂದಿನ ತಿಂಗಳುಗಳ ವಿಷಯ ಮಾತ್ರ ಇನ್ನೂ ವಿವಾದದಲ್ಲಿದೆ.

ಗೊಂದಲಕ್ಕೆ ಎರಡು ಸಮೀಕ್ಷೆಗಳು ಕಾರಣ. 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಡಯಾನಾ ರೋಸ್ ಮತ್ತು ಸಂಗಡಿಗರು, ಕನಿಷ್ಠ ಮೂರನೇ ಒಂದು ಪಾಲು ರೋಗಿಗಳು ಮರೆವು ಉಳಿದುಕೊಂಡಿದೆ ಎನ್ನುತ್ತಾರೆಂದು ಬರೆದರು. 2010ರಲ್ಲಿ ಸೆಮ್ಕೋವ್ಸ್ಕಾ ಮತ್ತು ಮೆಕ್‌ಲಾಫ್ಲಿನ್ 84 ಅಧ್ಯಯನಗಳ 2,981 ರೋಗಿಗಳ ಪರೀಕ್ಷಾ ಫಲಿತಾಂಶ ಕೂಡಿಸಿ, ಕುಸಿತ ಮೊದಲ ಮೂರು ದಿನಗಳದ್ದು, ಹದಿನೈದು ದಿನ ಕಳೆದ ಮೇಲೆ ಅಂಕಗಳು ಮೊದಲಿಗಿಂತ ಕಡಿಮೆಯಿಲ್ಲ ಎಂದರು. ಒಂದನ್ನು ಎತ್ತಿಹಿಡಿದು ಇನ್ನೊಂದನ್ನು ಸುಳ್ಳೆನ್ನುವುದು ಸಲ್ಲದು. ಎರಡನೆಯದು ಸ್ವಂತ ಬದುಕಿನ ನೆನಪುಗಳನ್ನು ಅಳೆದಿರಲಿಲ್ಲ. ರೋಗಿಗಳ ದೂರು ಇದ್ದದ್ದು ಹೆಚ್ಚಾಗಿ ಅವುಗಳ ಬಗ್ಗೆಯೇ. ಖಿನ್ನತೆಯೂ ನೆನಪನ್ನು ಕುಂದಿಸುವುದರಿಂದ, ಚಿಕಿತ್ಸೆಗೆ ಮೊದಲೇ ಪರೀಕ್ಷಿಸದಿದ್ದರೆ ಮರೆವಿನ ಮೂಲ ತಿಳಿಯದು.

ನಿಮ್ಹಾನ್ಸ್‌ನ ಬಿ.ಎನ್. ಗಂಗಾಧರ್, ಜಗದೀಶ ತೀರ್ಥಹಳ್ಳಿ ಮತ್ತು ಸಹೋದ್ಯೋಗಿಗಳ 2013ರ ಎರಡು ಪ್ರಕಟಣೆಗಳು ಇಲ್ಲಿ ಮುಖ್ಯ. ಒಂದು, ಇಸಿಟಿಯ ಮರೆವನ್ನು ಸುಮಾರು ಅರ್ಧ ಗಂಟೆಯಲ್ಲಿ ಅಳೆಯುವ ಪರೀಕ್ಷಾಗುಚ್ಛ. ಇನ್ನೊಂದು, 122 ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ ನಡೆದ ಹೋಲಿಕೆ: ವಿದ್ಯುದ್ವಾರಗಳನ್ನು ಕಪಾಲದ ಇಕ್ಕೆಲಗಳ ಬದಲು ಹಣೆಯ ಮೇಲಿಟ್ಟಾಗ ಗುಣವೂ ಬೇಗ, ನೆನಪಿಗೆ ಪೆಟ್ಟೂ ಕಡಿಮೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಂ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದ ಇಸಿಟಿಯನ್ನು ನಿಷೇಧಿಸಿತು. ಚಿಕಿತ್ಸೆಯ ಹಿಂದೆಮುಂದೆ ನೆನಪನ್ನು ಅಳೆಯಬೇಕೆಂಬ ಮಾತು ಆ ಕಲಂನಲ್ಲಿಲ್ಲ.