ಸೊಂಟದ ನೋವೂ ಚಿಕಿತ್ಸೆಯ ಆಯ್ಕೆಯೂ

ಮನುಷ್ಯನನ್ನು ಪೀಡಿಸುವ ವ್ಯಾಧಿಗಳಲ್ಲಿ ಸೊಂಟದ ನೋವಿನಷ್ಟು ಸರ್ವಸಾಮಾನ್ಯವಾದುವು ವಿರಳ. ಇದು ಸಾಮಾನ್ಯವಾಗಿ ಪ್ರಾಣಾಪಾಯವನ್ನು ತರುವುದಲ್ಲವಾದರೂ, ಬಂದವನನ್ನು ಕುಳಿತಲ್ಲಿ ಕುಳ್ಳಿರಗೊಡದೆ, ನಿಂತಲ್ಲಿ ನಿಲ್ಲಗೊಡದೆ ಬಾಧಿಸುವುದರಿಂದ ಮನೆಯವರೆಲ್ಲರನ್ನೂ ಚಿಂತೆಗೀಡುಮಾಡುತ್ತದೆ. ಆಗ ಏಳುವ ಮೊದಲನೆಯ ಪ್ರಶ್ನೆ, ಯಾರ ಬಳಿಗೆ ಹೋಗಬೇಕೆಂಬುದು. ಹಿರಿಯರು ಎಣ್ಣೆ ತಿಕ್ಕಿ ಶಾಖ ಕೊಡುವವರ ಹೆಸರನ್ನು ಹೇಳುತ್ತಾರೆ. ನೆರೆಯವರು ಮೂಳೆ ಕೂಡಿಸುವ ನಾಟಿವೈದ್ಯನನ್ನು ಸೂಚಿಸುತ್ತಾರೆ. ಓದಿದ ಮಗನು ಪಟ್ಟಣದ ದೊಡ್ಡ ಆಸ್ಪತ್ರೆಯೇ ಲೇಸೆನ್ನುತ್ತಾನೆ. ಧನವೂ ಅಧಿಕಾರವೂ ಉಳ್ಳವರಿಗೆ ಈ ಪ್ರಶ್ನೆಯ ಉತ್ತರವು ಸುಲಭವೆಂದು ಭಾವಿಸುವುದು ಸಹಜ. ಆದರೆ ಚರಿತ್ರೆಯು ಬೇರೆಯಾಗಿ ಹೇಳುತ್ತದೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ 35ನೆಯ ಅಧ್ಯಕ್ಷರಾಗಿದ್ದ ಜಾನ್ ಎಫ್. ಕೆನಡಿಯವರ ವೃತ್ತಾಂತವು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಅವರ ಕಥೆಯನ್ನು ತಿಳಿಯುವ ಮೊದಲು, ಈ ವ್ಯಾಧಿಯನ್ನು ಕುರಿತು ವೈದ್ಯರು ಏನನ್ನು ನಂಬಿದ್ದರೆಂಬುದನ್ನು ಅರಿಯುವುದು ಅವಶ್ಯಕ. ಪಿರ್ರೆಯಲ್ಲಿ ಮೊದಲಾಗಿ ಸೊಂಟ, ತೊಡೆ, ಮೊಣಕಾಲು, ಕಣಕಾಲುಗಳ ಮಾರ್ಗವಾಗಿ ಪಾದದವರೆಗೆ ಇಳಿಯುವ ನೋವನ್ನು ಚರಕಸಂಹಿತೆಯು ಗೃಧ್ರಸಿಯೆಂದು ಹೆಸರಿಸಿ ವಾತವ್ಯಾಧಿಗಳಲ್ಲಿ ಎಣಿಸಿದೆ. ಯೂರೋಪಿನಲ್ಲಿ 1764ರಲ್ಲಿ ನೇಪಲ್ಸ್ ನಗರದ ವೈದ್ಯ ಡೊಮೆನಿಕೊ ಕೊಟುಞೊ ಎಂಬವರು, ಇಂತಹ ನೋವಿನಲ್ಲಿ ಕೀಲಿನಿಂದ ಹುಟ್ಟುವುದು ಬೇರೆ, ನರದಿಂದ ಹುಟ್ಟುವುದು ಬೇರೆ ಎಂದು ವಿಂಗಡಿಸಿದರು. ಕಡೆಗೆ 1934ರಲ್ಲಿ ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರಿಬ್ಬರು, ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂತಿರುವ ಬಿಲ್ಲೆಯು ಒಡೆದು ಹೊರಚಾಚಿ ನರವನ್ನು ಒತ್ತುವುದರಿಂದ ಈ ನೋವು ಉಂಟಾಗಬಹುದೆಂದೂ, ಆ ಭಾಗವನ್ನು ತೆಗೆದುಹಾಕಿದರೆ ಗುಣ ಕಾಣುವುದೆಂದೂ ಪ್ರಕಟಿಸಿದರು. ಇದು ನಿಜವಾಗಿಯೂ ದೊಡ್ಡ ಶೋಧನೆ. ಆದರೆ ಕೆಲವು ರೋಗಿಗಳಲ್ಲಿ ಕಂಡ ಕಾರಣವನ್ನು ಎಲ್ಲ ಸೊಂಟನೋವಿಗೂ ಅನ್ವಯಿಸುವ ಉತ್ಸಾಹವು ಅದರ ಬೆನ್ನಹಿಂದೆಯೇ ಬೆಳೆಯಿತು.

ಕೆನಡಿಯವರು 1917ರಲ್ಲಿ ಸಿರಿವಂತರ ಮನೆಯಲ್ಲಿ ಜನಿಸಿದರು. ಯೌವನದಲ್ಲಿಯೇ ಬೆನ್ನಿನ ಬಾಧೆಯು ಅವರನ್ನು ಹಿಡಿಯಿತು. ಆ ಕಾರಣದಿಂದ ಸೈನ್ಯದ ದೇಹಪರೀಕ್ಷೆಯಲ್ಲಿ ತಿರಸ್ಕೃತರಾದರೂ, ತಂದೆಯ ಪ್ರಭಾವದಿಂದ 1941ರಲ್ಲಿ ನೌಕಾದಳವನ್ನು ಸೇರಿದರು. 1943ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಸಾಲೊಮನ್ ದ್ವೀಪಗಳ ಬಳಿ ಅವರ ಅಧೀನದಲ್ಲಿದ್ದ ಸಣ್ಣ ಯುದ್ಧದೋಣಿಗೆ ಜಪಾನಿನ ನೌಕೆಯೊಂದು ಡಿಕ್ಕಿಹೊಡೆದು ಅದನ್ನು ಸೀಳಿತು. ದೋಣಿಯಲ್ಲಿದ್ದ 13 ಮಂದಿಯಲ್ಲಿ ಇಬ್ಬರು ಮಡಿದರು. ಸುಟ್ಟಗಾಯಗಳಿಂದ ಬಳಲುತ್ತಿದ್ದ ಒಬ್ಬ ನಾವಿಕನ ಕವಚದ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೆನಡಿಯವರು ಹಲವು ಗಂಟೆಗಳ ಕಾಲ ಈಜಿ ದ್ವೀಪವೊಂದನ್ನು ಮುಟ್ಟಿದರು. ಆ ಸಾಹಸದ ತರುವಾಯ ಹಳೆಯ ನೋವು ಉಲ್ಬಣಿಸಿತು.

1944ರ ಜೂನ್ ತಿಂಗಳಲ್ಲಿ ಬಾಸ್ಟನ್ನಿನಲ್ಲಿ ಅವರಿಗೆ ಮೊದಲನೆಯ ಶಸ್ತ್ರಚಿಕಿತ್ಸೆ ನಡೆಯಿತು. ಬಿಲ್ಲೆಯ ಮೆತುವಾದ ಅಂಶವನ್ನು ತೆಗೆದುಹಾಕಿದರೂ ನೋವು ಹೋಗಲಿಲ್ಲ. ಹತ್ತು ವರ್ಷಗಳಲ್ಲಿ ಅವರು ಊರುಗೋಲುಗಳಿಲ್ಲದೆ ನಡೆಯಲಾರದ ಸ್ಥಿತಿಗೆ ಬಂದರು. ಈ ನಡುವೆ, 1947ರಲ್ಲಿ, ಅವರಿಗೆ ಆಡಿಸನ್ನನ ರೋಗವಿರುವುದು ತಿಳಿದುಬಂದಿತ್ತು. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಕುಗ್ಗುವ ಈ ರೋಗದಲ್ಲಿ ಶಸ್ತ್ರಕ್ರಿಯೆಯ ಆಘಾತವನ್ನೂ ನಂಜನ್ನೂ ತಡೆದುಕೊಳ್ಳುವ ಶಕ್ತಿಯು ದೇಹಕ್ಕೆ ಬಹಳ ಕಡಮೆ. ಆದುದರಿಂದ 1954ರಲ್ಲಿ ಎದುರಾದ ನಿರ್ಧಾರವು ಕಠಿನವಾದುದಾಗಿತ್ತು. ಶಸ್ತ್ರಚಿಕಿತ್ಸೆಯನ್ನು ಬಿಟ್ಟರೆ ನಡೆಯುವ ಶಕ್ತಿಯೇ ಹೋಗಬಹುದು. ಮಾಡಿಸಿಕೊಂಡರೆ ಪ್ರಾಣವೇ ಹೋಗಬಹುದು. ಊರುಗೋಲುಗಳ ಮೇಲೆ ಬಾಳುವುದಕ್ಕಿಂತ ಅಪಾಯವನ್ನು ಎದುರಿಸುವುದೇ ಮೇಲೆಂದು ನಿಶ್ಚಯಿಸಿ ಅವರು ನ್ಯೂಯಾರ್ಕಿನ ಹೆಸರಾಂತ ಆಸ್ಪತ್ರೆಯನ್ನು ಸೇರಿದರು.

ಅಕ್ಟೋಬರ್ 21ನೆಯ ತಾರೀಖು, ಲೋಹದ ಪಟ್ಟಿಯನ್ನಿಟ್ಟು ಬೆನ್ನೆಲುಬಿನ ಕೆಳಭಾಗವನ್ನು ಬೆಸೆಯುವ ಕ್ರಿಯೆಯು ನಡೆಯಿತು. ಕೆಲವೇ ದಿನಗಳಲ್ಲಿ ನಂಜೇರಿ ಅವರಿಗೆ ಪ್ರಜ್ಞೆ ತಪ್ಪಿತು. ಪಾದ್ರಿಯನ್ನು ಕರೆಯಿಸಿ ಅಂತ್ಯಕಾಲದ ಸಂಸ್ಕಾರವನ್ನೂ ಮಾಡಿಸಲಾಯಿತು. ದೈವವಶದಿಂದ ಬದುಕಿದರಾದರೂ ಗಾಯವು ಮಾಯಲಿಲ್ಲ. 1955ರ ಫೆಬ್ರವರಿಯಲ್ಲಿ ಮತ್ತೊಮ್ಮೆ ಕೊಯ್ದು ಆ ಪಟ್ಟಿಯನ್ನು ಹೊರಗೆ ತೆಗೆಯಬೇಕಾಯಿತು. ಇಂತಹ ರೋಗಿಯೊಬ್ಬನನ್ನು ಉಳಿಸಿದುದು ವೈದ್ಯರಿಗೆ ಗಣನೀಯವಾದ ಸಾಧನೆಯಾಗಿ ಕಂಡುದರಿಂದ, ಅದೇ ವರ್ಷ ಶಸ್ತ್ರವೈದ್ಯಪತ್ರಿಕೆಯೊಂದರಲ್ಲಿ, 37 ವಯಸ್ಸಿನ ಪುರುಷನೆಂದು ಮಾತ್ರ ಹೇಳಿ, ಹೆಸರನ್ನು ಮರೆಮಾಡಿ ಆ ವಿವರವನ್ನು ಪ್ರಕಟಿಸಲಾಯಿತು. ಆದರೆ ರೋಗಿಯ ಸೊಂಟವು ಮಾತ್ರ ಮೊದಲಿನಂತೆಯೇ ನೋಯುತ್ತಿತ್ತು.

ಆ ವರ್ಷದ ಮೇ ತಿಂಗಳಲ್ಲಿ ಅವರು ನ್ಯೂಯಾರ್ಕಿನ ಜ್ಯಾನೆಟ್ ಟ್ರಾವೆಲ್ ಎಂಬ ವೈದ್ಯೆಯ ಬಳಿಗೆ ಹೋದರು. ಆಕೆಯು ಎಲುಬನ್ನಲ್ಲದೆ ಮಾಂಸಖಂಡಗಳನ್ನೂ ಮುಟ್ಟಿ ಪರೀಕ್ಷಿಸಿದರು. ಸೆಡೆತುಕೊಂಡ ಸ್ನಾಯುಗಳಿಗೆ ನೋವನ್ನು ಕಳೆಯುವ ಮದ್ದನ್ನು ಸೂಜಿಯಿಂದ ಚುಚ್ಚಿದರು. ಎಡಗಾಲು ಬಲಗಾಲಿಗಿಂತ ಗಿಡ್ಡವಾಗಿರುವುದನ್ನು ಕಂಡು ಪಾದರಕ್ಷೆಯ ಹಿಮ್ಮಡಿಯನ್ನು ಎತ್ತರಿಸಿದರು. ಕುಳಿತುಕೊಳ್ಳಲು ತೂಗುವ ಕುರ್ಚಿಯನ್ನು ಸೂಚಿಸಿದರು. ಮುಂದೆ ಲೋಕಪ್ರಸಿದ್ಧವಾದ ಕೆನಡಿಯವರ ತೂಗುಕುರ್ಚಿಯು ಹೀಗೆ ಬಂದುದು. 1961ರಲ್ಲಿ ಈ ಮಹಿಳೆಯೇ ಅಧ್ಯಕ್ಷಭವನದ ವೈದ್ಯರಾಗಿ ನೇಮಕಗೊಂಡರು. ಆ ಸ್ಥಾನವನ್ನು ಪಡೆದ ಮಹಿಳೆಯರಲ್ಲಿ ಆಕೆಯೇ ಮೊದಲನೆಯವರು.

ಆದರೆ ಸೂಜಿಮದ್ದಿನ ಉಪಶಮನವು ತಾತ್ಕಾಲಿಕವಾದುದು. 1961ರ ಮೇ ತಿಂಗಳಲ್ಲಿ ಕೆನಡಾ ದೇಶದ ಆಟವಾ ನಗರದಲ್ಲಿ ಸಸಿಯೊಂದನ್ನು ನೆಡುವ ಸಮಾರಂಭದಲ್ಲಿ ಸನಿಕೆಯಿಂದ ಮಣ್ಣನ್ನು ಎತ್ತುವಾಗ ಬೆನ್ನು ಮತ್ತೆ ಹಿಡಿದುಕೊಂಡಿತು. ಊರುಗೋಲುಗಳು ಮರಳಿ ಬಂದುವು. ಆಗ ಇತರ ವೈದ್ಯರ ಒತ್ತಾಯದ ಮೇಲೆ ಹ್ಯಾನ್ಸ್ ಕ್ರಾಸ್ ಎಂಬವರನ್ನು ಕರೆಯಿಸಲಾಯಿತು. ಟ್ರಿಯೆಸ್ಟ್ ನಗರದಲ್ಲಿ ಹುಟ್ಟಿದ ಈ ವೈದ್ಯರು ಪರ್ವತಾರೋಹಿಗಳೂ ಆಗಿದ್ದರು. ಕೆನಡಿಯವರ ಹೊಟ್ಟೆಯ ಸ್ನಾಯುಗಳು ಬಲಹೀನವಾಗಿರುವುದನ್ನೂ, ಬೆನ್ನು ಕಾಲುಗಳ ಸ್ನಾಯುಗಳು ಬಿಗಿದಿರುವುದನ್ನೂ ಕಂಡು, ಅವರು ವಾರಕ್ಕೆ ಹಲವು ಸಲ ಕ್ರಮವಾದ ಅಂಗಸಾಧನೆಯನ್ನು ಮಾಡಿಸಿದರು. ಕೆಲವು ತಿಂಗಳಲ್ಲಿಯೇ ಸುಧಾರಣೆಯು ಸ್ಪಷ್ಟವಾಗಿ ಕಂಡಿತು. ಮೊದಲನೆಯ ಶಸ್ತ್ರಚಿಕಿತ್ಸೆಯಿಂದ ಎಣಿಸಿದರೆ, ಈ ಸರಳ ಉಪಾಯದ ಬಾಗಿಲಿಗೆ ಬರಲು ಅವರಿಗೆ 17 ವರ್ಷಗಳು ಹಿಡಿದುವು.

ತರುವಾಯದ ಸಂಶೋಧನೆಗಳು ಈ ಅನುಭವಕ್ಕೆ ಬೆಂಬಲವನ್ನಿತ್ತಿವೆ. 1994ರಲ್ಲಿ ಅಮೆರಿಕಾದ ವೈದ್ಯರು ಸೊಂಟದ ನೋವೇ ಇಲ್ಲದ 98 ಮಂದಿಯ ಬೆನ್ನನ್ನು ಎಂ.ಆರ್.ಐ. ಯಂತ್ರದಿಂದ ಚಿತ್ರಿಸಿದಾಗ, ನೂರಕ್ಕೆ 52ರಷ್ಟು ಜನರಲ್ಲಿ ಒಂದಾದರೂ ಬಿಲ್ಲೆಯು ಉಬ್ಬಿರುವುದು ಕಂಡಿತು. ಎಂದಮೇಲೆ, ಚಿತ್ರದಲ್ಲಿ ಕಂಡ ಉಬ್ಬೇ ನೋವಿಗೆ ಕಾರಣವೆಂದು ಅವಸರದಿಂದ ನಿರ್ಣಯಿಸಲಾಗದು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಹೊಸದಾಗಿ ನೋವು ಬಂದ 186 ಮಂದಿ ನಗರನೌಕರರನ್ನು ಪರೀಕ್ಷಿಸಿದಾಗ, ಹಾಸಿಗೆ ಹಿಡಿದವರಿಗಿಂತ, ನೋವು ತಾಳುವಷ್ಟರಮಟ್ಟಿಗೆ ನಿತ್ಯದ ಕೆಲಸಗಳನ್ನು ಮಾಡುತ್ತಿದ್ದವರೇ ಬೇಗ ಚೇತರಿಸಿಕೊಂಡರೆಂದು ತಿಳಿದುಬಂದಿತು.

ಈ ವೃತ್ತಾಂತದಿಂದ ಶಸ್ತ್ರಚಿಕಿತ್ಸೆಯು ನಿಷ್ಪ್ರಯೋಜಕವೆಂದು ಯಾರೂ ಗ್ರಹಿಸಬಾರದು. ಮೂತ್ರ ಕಟ್ಟಿದರೆ ಅಥವಾ ಮಲಮೂತ್ರಗಳ ಹಿಡಿತ ತಪ್ಪಿದರೆ, ತೊಡೆಗಳ ಸಂದಿನಲ್ಲಿ ಸ್ಪರ್ಶವು ತಿಳಿಯದೆಹೋದರೆ, ಕಾಲಿನ ಬಲವು ಕುಂದುತ್ತ ಬಂದರೆ, ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು. ಅಲ್ಲಿ ಶಸ್ತ್ರವೈದ್ಯನೇ ರಕ್ಷಕನು. ಬಿದ್ದು ಪೆಟ್ಟಾಗಿದ್ದರೆ, ಜ್ವರವಿದ್ದರೆ, ದೇಹವು ಕಾರಣವಿಲ್ಲದೆ ಸೊರಗುತ್ತಿದ್ದರೆ, ಹಿಂದೆ ಅರ್ಬುದರೋಗವಿದ್ದರೆ, ಬೇಗನೆ ವೈದ್ಯರಿಗೆ ತೋರಿಸತಕ್ಕದ್ದು. ಬೆನ್ನೆಲುಬಿನ ಕ್ಷಯವು ನಮ್ಮ ದೇಶದಲ್ಲಿ ಇಂದಿಗೂ ಅಪರೂಪವಲ್ಲ. ಇಂತಹ ಲಕ್ಷಣಗಳಿರುವಾಗ ಬೆನ್ನನ್ನು ತುಳಿಸುವುದೂ ಎಳೆಸುವುದೂ ಅನರ್ಥಕ್ಕೆ ದಾರಿ. ಇವು ಯಾವುವೂ ಇಲ್ಲದ ಸಾಧಾರಣ ನೋವಾದರೆ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನೇ ಶಮನವಾಗುತ್ತದೆ. ಅದಕ್ಕೆ ಊರಿನ ವೈದ್ಯರ ಪರೀಕ್ಷೆ, ಹಿತವಾದ ಶಾಖ, ಮಿತವಾದ ಓಡಾಟ, ತಿಳಿದವರಿಂದ ಕಲಿತ ಅಂಗಸಾಧನೆ, ಇಷ್ಟು ಸಾಕು.

ಆದುದರಿಂದ, ಎಲ್ಲಿಗೆ ಹೋಗಬೇಕೆಂದು ಕೇಳುವ ಮೊದಲು ಇದು ಎಂತಹ ನೋವೆಂದು ಕೇಳುವುದು ವಿಹಿತ. ಕೆನಡಿಯವರಿಗೆ ಯಾವ ಆಸ್ಪತ್ರೆಯ ಬಾಗಿಲೂ ಮುಚ್ಚಿರಲಿಲ್ಲ. ದೊಡ್ಡ ಬಾಗಿಲುಗಳನ್ನು ಮೊದಲು ತಟ್ಟಿ, ಚಿಕ್ಕ ಬಾಗಿಲನ್ನು ಕಡೆಗೆ ತಟ್ಟಿದುದರಿಂದ ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ.